ದ್ವಿಭಾಷಾ ಸೀಮೆಯ ಸಾಹಿತ್ಯವೂ ವಸಾಹತೋತ್ತರ ವಿಮರ್ಶೆಯೂ: ಕೈವಾರದ ನಿದರ್ಶನ

ಒಂದು ಸೀಮೆಯ ಸಾಹಿತ್ಯವನ್ನು ಭಾಷೆಯಿಂದ ವಿಂಗಡಿಸಬೇಕೋ ಅಥವಾ ಸ್ಥಳದಿಂದ ಒಟ್ಟುಗೂಡಿಸಬೇಕೋ ಎಂಬ ಪ್ರಶ್ನೆಯು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಪಾಠ ಹೇಳುವವರಿಗೆ ಬರಿಯ ತತ್ತ್ವಜಿಜ್ಞಾಸೆಯಲ್ಲ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಆಡುವ ನುಡಿ ತೆಲುಗು, ಓದುವ ನುಡಿ ಕನ್ನಡ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಇವೆರಡರೊಡನೆ ಉರ್ದುವೂ ಕಿವಿಗೆ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ಚಿಂತಾಮಣಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಹಾಡಿನ ಪುಸ್ತಕವನ್ನು ತಂದು ನಮಗೆ ತೋರಿಸಿದಳು. ಲಿಪಿ ಕನ್ನಡ, ಮೊದಲ ಪುಟಗಳ ಭಾಷೆ ತೆಲುಗು. ಹಸ್ತಪ್ರತಿಗಳ ಪಟ್ಟಿಯಲ್ಲಿ ನಾವು 'ತೆಲುಗು' ಎಂದು ಬರೆದುಕೊಂಡು ಪುಸ್ತಕವನ್ನು ಹಿಂದಿರುಗಿಸಿದೆವು. ಆ ಒಂದು ಪದದಲ್ಲಿ ಅಡಗಿದ್ದ ತಪ್ಪು ಯಾವುದೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆಳಿದವರು ಆಳಿಸಿಕೊಂಡವರನ್ನು ಯಾವ ಹೆಸರುಗಳಿಂದ ಕರೆದರು, ಯಾವ ಕೋಷ್ಟಕಗಳಲ್ಲಿ ಕೂಡಿಸಿದರು, ಆ ಹೆಸರು ಮತ್ತು ಕೋಷ್ಟಕಗಳು ಆಳ್ವಿಕೆ ಕೊನೆಗೊಂಡ ಮೇಲೂ ನಮ್ಮ ಓದಿನಲ್ಲಿ ಹೇಗೆ ಉಳಿದುಕೊಂಡಿವೆ ಎಂಬುದನ್ನು ಪರಿಶೀಲಿಸುವ ವಿಮರ್ಶಾಮಾರ್ಗಕ್ಕೆ ವಸಾಹತೋತ್ತರ ವಿಮರ್ಶೆ ಎಂದು ಹೆಸರು. 1978ರಲ್ಲಿ ಪ್ರಕಟವಾದ ಎಡ್ವರ್ಡ್ ಸೈದರ 'ಓರಿಯೆಂಟಲಿಸಂ' ಗ್ರಂಥದಿಂದ ಇದಕ್ಕೆ ವಿಶೇಷ ಪ್ರಚಾರ ದೊರೆಯಿತು. ಮೊದಲಿಗೆ ಇದರ ದೃಷ್ಟಿ ಬ್ರಿಟನ್, ಫ್ರಾನ್ಸ್ ಮುಂತಾದ ಸಮುದ್ರಾಂತರ ಸಾಮ್ರಾಜ್ಯಗಳ ಮೇಲಿತ್ತು. ಆದರೆ ಈಚಿನ ದಶಕಗಳಲ್ಲಿ ಯೂರೋಪಿನ ಪಂಡಿತರು ಇದನ್ನು ತಮ್ಮ ಮನೆಯೊಳಗೇ, ಎಂದರೆ ಹಾಬ್ಸ್‌ಬರ್ಗ್ ಸಾಮ್ರಾಜ್ಯದ ಪೂರ್ವಪ್ರಾಂತಗಳಿಗೆ, ಅನ್ವಯಿಸಿ ನೋಡುತ್ತಿದ್ದಾರೆ.

ಅಂಥ ಪ್ರಾಂತಗಳಲ್ಲಿ ಬುಕೊವಿನಾ ಒಂದು. 1775ರಲ್ಲಿ ಆಸ್ಟ್ರಿಯಾದ ವಶಕ್ಕೆ ಬಂದ ಈ ಪ್ರಾಂತವು 1918ರಲ್ಲಿ ರುಮೇನಿಯಾಕ್ಕೆ ಸೇರಿತು. ಎರಡನೆಯ ಮಹಾಯುದ್ಧದ ತರುವಾಯ ಅದರ ಉತ್ತರಾರ್ಧವು ಸೋವಿಯತ್ ಒಕ್ಕೂಟದಲ್ಲಿದ್ದು, ಈಗ ಯುಕ್ರೇನಿನಲ್ಲಿದೆ. ಅದರ ರಾಜಧಾನಿಯಾದ ಚೆರ್ನೋವಿಟ್ಸ್‌ನಲ್ಲಿ ಯುಕ್ರೇನಿಯನ್ನರು, ರುಮೇನಿಯನ್ನರು, ಯಹೂದಿಗಳು, ಜರ್ಮನರು, ಪೋಲರು ಒಂದೇ ಬೀದಿಯಲ್ಲಿ ವ್ಯವಹರಿಸುತ್ತಿದ್ದರು. ಆ ಊರಿನಲ್ಲಿ ವಿದ್ಯಾಭ್ಯಾಸ ಮಾಡಿದ ಕಾರ್ಲ್ ಎಮಿಲ್ ಫ್ರಾಂಟ್ಸೋಸ್ 1876ರಲ್ಲಿ ಪೂರ್ವ ಯೂರೋಪನ್ನು ಕುರಿತ ತನ್ನ ಪ್ರಬಂಧಸಂಗ್ರಹಕ್ಕೆ 'ಅರೆ ಏಷ್ಯಾದಿಂದ' ಎಂಬ ಅರ್ಥದ ಹೆಸರನ್ನಿಟ್ಟನು. ತಾನು ಹುಟ್ಟಿದ ಸೀಮೆಯನ್ನೇ ಅರ್ಧ ಏಷ್ಯಾವೆಂದು ಕರೆದು ಜರ್ಮನ್ ಸಂಸ್ಕೃತಿಯನ್ನು ಅದಕ್ಕೆ ಮದ್ದೆಂದು ತಿಳಿದ ಈ ಲೇಖಕನನ್ನು ಓದುವಾಗ, ಇಂಗ್ಲಿಷ್ ವಿದ್ಯೆಯ ಮೊದಲ ತಲೆಮಾರಿನ ನಮ್ಮವರು ಕೆಲವರ ನೆನಪು ಬಾರದಿರದು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಅಲ್ಲಿಯ ಜನಗಣತಿಯ ಕಥೆ. 1880ರಿಂದ ಆಸ್ಟ್ರಿಯಾದ ಗಣತಿಯು ಪ್ರತಿಯೊಬ್ಬನ 'ವ್ಯವಹಾರದ ನುಡಿ' ಯಾವುದೆಂದು ಕೇಳತೊಡಗಿತು. ಒಬ್ಬನಿಗೆ ಒಂದೇ ನುಡಿಯನ್ನು ಬರೆಯಬಹುದಾಗಿತ್ತು. ಯಹೂದಿಗಳ ಮನೆಮಾತಾದ ಯಿದ್ದಿಷ್ ಆ ಪಟ್ಟಿಯಲ್ಲಿಯೇ ಇರಲಿಲ್ಲವಾಗಿ, ಬುಕೊವಿನಾದ ಯಹೂದಿಗಳಲ್ಲಿ ಬಹುಮಂದಿ ಜರ್ಮನ್ ಭಾಷಿಕರ ಲೆಕ್ಕಕ್ಕೆ ಸೇರಿದರು. ಎರಡು ಮೂರು ನುಡಿಗಳಲ್ಲಿ ಬಾಳುತ್ತಿದ್ದ ಮನುಷ್ಯನು ಕಾಗದದ ಮೇಲೆ ಒಂದು ನುಡಿಯವನಾದನು. ಸಾಹಿತ್ಯಚರಿತ್ರೆಕಾರರೂ ಆ ಕಾಗದವನ್ನೇ ಹಿಡಿದು ನಡೆದರು. ಓಲ್ಹಾ ಕೊಬಿಲ್ಯಾನ್ಸ್ಕಾ (1863–1942) ಎಂಬ ಲೇಖಕಿ ಮೊದಲು ಜರ್ಮನ್ ಭಾಷೆಯಲ್ಲಿ ಬರೆದು ಅನಂತರ ಯುಕ್ರೇನಿಯನ್ನಿಗೆ ಬಂದವಳು. ಏಕಭಾಷಾ ಚರಿತ್ರೆಯಲ್ಲಿ ಆಕೆಯ ಮೊದಲ ಬರೆಹಗಳು ಪೂರ್ವಪೀಠಿಕೆಯ ಒಂದು ವಾಕ್ಯವಾಗಿ ಮುಗಿದುಹೋಗುವ ಅಪಾಯವುಂಟು.

ಈ ದೃಷ್ಟಿಯಿಂದ ನಮ್ಮ ಸೀಮೆಯ ಕಡೆಗೆ ತಿರುಗಿದರೆ ಮೊದಲು ಎದುರಾಗುವವರು ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು. ಜನರ ಬಾಯಲ್ಲಿ ಕೈವಾರ ತಾತಯ್ಯ, ಯೋಗಿ ನಾರೇಯಣ ಯತೀಂದ್ರರು. ಸಂಪ್ರದಾಯವು ಅವರ ಜೀವಿತವನ್ನು 1726ರಿಂದ 1836ರವರೆಗೆ ಎಂದು ಹೇಳುತ್ತದೆ. ಇದನ್ನು ಒಪ್ಪಿದರೆ, 1762ರಲ್ಲಿ ಹೈದರನು ಚಿಕ್ಕಬಳ್ಳಾಪುರದ ಪಾಳೆಯಗಾರರನ್ನು ಸೋಲಿಸಿದುದು, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿದುದು, 1799ರಲ್ಲಿ ಟಿಪ್ಪುವಿನ ಪತನ, 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿದುದು, ಎಲ್ಲವೂ ಒಂದೇ ಆಯುಷ್ಯದೊಳಗೆ ಬರುತ್ತವೆ! ಬಳೆ ಮಾರುವ ವೃತ್ತಿಯಿಂದ ಹೊರಟು ಯೋಗಿಯಾದ ಈ ಮಹನೀಯರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಅಮರನಾರೇಯಣ ಶತಕ ತೆಲುಗಿನದು. ಕಾಲಜ್ಞಾನವೆಂಬುದು ಮುಂದಾಗುವುದನ್ನು ಹೇಳುವ ನೆವದಿಂದ ನಡೆಯುತ್ತಿರುವುದರ ಅವ್ಯವಸ್ಥೆಯನ್ನು ನುಡಿಯುವ ಪ್ರಕಾರವಾದುದರಿಂದ, ಅವರ ಕಾಲಜ್ಞಾನವನ್ನು ಅಷ್ಟೊಂದು ಪ್ರಭುತ್ವಗಳ ಏಳುಬೀಳುಗಳ ನಡುವೆ ಇಟ್ಟು ಓದುವುದು ಇತಿಹಾಸದ ವಿದ್ಯಾರ್ಥಿಗೆ ಅತ್ಯಂತ ಫಲಪ್ರದವಾದೀತು. ಆದರೂ ನಮ್ಮ ತರಗತಿಗಳಲ್ಲಿ ಬಳಕೆಯಲ್ಲಿರುವ ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ಅವರಿಗೆ ದೊರೆತಿರುವ ಸ್ಥಳ ಅಲ್ಪ. ಭಕ್ತರಿಗೆ ಮಾತ್ರ ಈ ತೊಡಕಿಲ್ಲ. ತೆಲುಗು ಪದ್ಯಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಕೊಂಡು ಅವರು ನಿಶ್ಚಿಂತೆಯಿಂದ ಹಾಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಾತಯ್ಯನವರ ದ್ವಿಭಾಷಿತ್ವವು ಬ್ರಿಟಿಷರಿಂದ ಬಂದುದಲ್ಲ. ವಿಜಯನಗರದ ಕಾಲದಿಂದಲೂ ಪಾಳೆಯಗಾರರ ಆಸ್ಥಾನಗಳ ಮೂಲಕ ತೆಲುಗು ಇಲ್ಲಿ ಹಾಡಿನ ನುಡಿಯಾಗಿ ಬೇರೂರಿತ್ತು. ಊರಿಂದೂರಿಗೆ ಬಳೆ ಹೊತ್ತು ಹೋಗುವವನಿಗಂತೂ ಗಿರಾಕಿಯ ನುಡಿಯೇ ನುಡಿ. ವಸಾಹತಿನ ಕೊಡುಗೆಯೆಂದರೆ ಎರಡು ನುಡಿಗಳಲ್ಲ, ಅವುಗಳಲ್ಲಿ ಒಂದನ್ನು ಮಾತ್ರ ಆರಿಸೆಂಬ ಒತ್ತಾಯ. 1881ರ ಜನಗಣತಿಯೂ ಮಾತೃಭಾಷೆ ಯಾವುದೆಂದು ಕೇಳಿತು. ಯಾರು ವಸಾಹತುಗಾರರು ಎಂಬುದೂ ಇಲ್ಲಿ ಸರಳವಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿಸಿದವರು ಮಹಾರಾಜರ ಸರ್ಕಾರದ ಪೊಲೀಸರು. ಚೆರ್ನೋವಿಟ್ಸ್‌ನಲ್ಲಿ ಚಕ್ರವರ್ತಿಯು ಸಮುದ್ರದಾಚೆಯವನಾಗಿರದಂತೆ ಇಲ್ಲಿಯೂ ಸಿಂಹಾಸನ ನಾಡಿನದೇ. ಅದರ ಮೇಲೆ ಮತ್ತೊಂದು ಅಧಿಕಾರವಿತ್ತು. ಈ ಪದರಗಳನ್ನು ಅಳಿಸಿ ಓದುವುದಾದರೆ ವಸಾಹತೋತ್ತರವೆಂಬ ಮಾತು ಬರಿಯ ಅಲಂಕಾರವಾದೀತು.

ಸ್ವಾರಸ್ಯವೆಂದರೆ, ಬೇರೆ ಬಗೆಯ ಓದಿಗೆ ಮಾದರಿಯು ಅದೇ ಆಡಳಿತದ ಒಬ್ಬ ಅಧಿಕಾರಿಯಿಂದಲೇ ದೊರೆಯುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು. 2007ರವರೆಗೆ ಈ ತಾಲ್ಲೂಕುಗಳೆಲ್ಲ ಆ ಜಿಲ್ಲೆಯಲ್ಲಿದ್ದವು. ಅದರಲ್ಲಿ ಶಾಸನಗಳನ್ನು ಭಾಷೆಯಿಂದಲ್ಲದೆ ತಾಲ್ಲೂಕಿನಿಂದ ಜೋಡಿಸಲಾಗಿದೆ. ಕನ್ನಡದ ಶಾಸನದ ಮಗ್ಗುಲಲ್ಲಿ ತೆಲುಗಿನದು, ತಮಿಳಿನದು ನಿಲ್ಲುತ್ತವೆ. ಕಲ್ಲಿಗೆ ಒಪ್ಪಿದ ಈ ಕ್ರಮ ಹಾಡಿಗೆ ಏಕೆ ಒಪ್ಪಬಾರದೆಂದು ನಾವು ಕೇಳುತ್ತೇವೆ. ಕನ್ನಡ ವಿಭಾಗಗಳು ತೆಲುಗು ಬಲ್ಲ ತಮ್ಮ ವಿದ್ಯಾರ್ಥಿಗಳನ್ನೇ ಈ ಕೆಲಸಕ್ಕೆ ತೊಡಗಿಸಬಹುದು. ಮನೆಮಾತನ್ನು ತರಗತಿಯ ಬಾಗಿಲಲ್ಲಿ ಬಿಟ್ಟುಬರಲು ಕಲಿತ ಆ ಮಕ್ಕಳಿಗಿಂತ ಸಮರ್ಥರು ದೊರೆಯುವುದು ಕಷ್ಟ.

ಆ ಹಾಡಿನ ಪುಸ್ತಕವನ್ನು ಕಳೆದ ವರ್ಷ ಮತ್ತೆ ಕೇಳಿ ತರಿಸಿಕೊಂಡು ಕೊನೆಯವರೆಗೆ ಓದಿದೆವು. ನಡುವಿನಿಂದಾಚೆಗೆ ಕನ್ನಡ ಕೀರ್ತನೆಗಳಿವೆ. ಒಂದೆರಡು ಕಡೆ ತೆಲುಗು ಹಾಡಿನ ಅಂಚಿನಲ್ಲಿ ಅಜ್ಜಿಯು ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದಾರೆ. ಪಟ್ಟಿಯಲ್ಲಿ 'ತೆಲುಗು' ಎಂಬುದನ್ನು ಹೊಡೆದು, ಮೊದಲು ಊರಿನ ಹೆಸರನ್ನೂ, ಅನಂತರ ಲಿಪಿಯನ್ನೂ, ಅದರ ಮುಂದೆ ಎರಡು ನುಡಿಗಳನ್ನೂ ಬರೆದಿದ್ದೇವೆ. ಅಚ್ಚಾದ ಪಾಠಗಳೊಡನೆ ಹೋಲಿಸುವ ಕೆಲಸ ಇನ್ನೂ ಉಳಿದಿದೆ.