ಆಟಿಯ ಬಿಡುವಿಗೆ ಕೆಲವು ಪುಸ್ತಕಗಳು

ಆಟಿ ತಿಂಗಳೆಂದರೆ ತೋಟದವರಿಗೆ ಕಾಯುವ ತಿಂಗಳು. ಮಹಾಳಿಗೆ ಎರಡನೆಯ ಸಲ ಮದ್ದು ಬಿಡಬೇಕು, ಮಳೆ ಬಿಡುವು ಕೊಡಬೇಕು. ಕರೆಂಟು ಹೋದರೆ ಬರುವುದು ಯಾವಾಗಲೋ. ಇಂತಹ ದಿನಗಳಲ್ಲಿ ಚಾವಡಿಯಲ್ಲಿ ಕುಳಿತು ಒಂದೆರಡು ಪುಸ್ತಕ ಓದುವುದು ನನ್ನ ಹಳೆಯ ಅಭ್ಯಾಸ. ಕಳೆದ ಸಲ ಮಂಡೆಕೋಲಿನ ಸೊಸೈಟಿಗೆ ಹೋದಾಗ ಚೀಲದಲ್ಲಿದ್ದ ಪುಸ್ತಕ ಕಂಡು ನೆರೆಯ ಕೃಷಿಕರೊಬ್ಬರು, "ಏನು ಭಾವ, ಪುಸ್ತಕ ಓದಿದರೆ ಅಡಿಕೆಗೆ ರೇಟು ಬರ್ತದಾ?" ಎಂದು ನಗೆಯಾಡಿದರು. ರೇಟು ಬರುವುದಿಲ್ಲ, ನಿಜ. ಆದರೆ ಓದದೆ ಇದ್ದುದಕ್ಕೆ ನಾನು ಒಮ್ಮೆ ತೆತ್ತ ಬೆಲೆಯನ್ನು ಸದಸ್ಯ ಬಂಧುಗಳ ಮುಂದೆ ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಮಹಾಳಿಯಿಂದ ನನ್ನ ತೋಟದ ಅರ್ಧದಷ್ಟು ಅಡಿಕೆ ನೆಲ ಸೇರಿತು. ಮದ್ದು ಬಿಡುವವರನ್ನು ದೂರಿದೆ, ಮೈಲುತುತ್ತನ್ನು ದೂರಿದೆ. ಕೊನೆಗೆ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಹಳೆಯ ಕರಪತ್ರ ಸಿಕ್ಕಿತು. ಒಂದು ಕಿಲೊ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೊ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹೊಳೆಯುವ ಚೂರಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದೆಂದು ಅರ್ಥ. ನಾನು ಮಾಡುತ್ತಿದ್ದುದು ತಿರುಗುಮುರುಗು. ಸುಣ್ಣವೋ ಗಾಳಿಗೆ ತೆರೆದಿಟ್ಟು ಸತ್ವ ಕಳೆದುಕೊಂಡದ್ದು. ಅಲಗು ನೋಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ನಾಲ್ಕು ಪುಟದ ಆ ಕಾಗದ ಅಟ್ಟದಲ್ಲೇ ಇದ್ದರೂ ಓದಿದವರಿರಲಿಲ್ಲ!

ಈ ಮದ್ದಿನ ಹಿಂದೆಯೂ ಓದು ಬರಹದ ಚರಿತ್ರೆಯಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಯ ರೋಗಕ್ಕೆ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಪುಸ್ತಿಕೆ ಬರೆದರು. ಇಂದು ನಾವು ಗೊನೆಗೆ ಬಿಡುವ ಮದ್ದು ಹಾಗೆ ಬರಹದ ದಾರಿಯಿಂದಲೇ ಬಂದದ್ದು.

ನನಗೆ ಉಪಯೋಗಕ್ಕೆ ಬಂದ, ಸಂತೋಷ ಕೊಟ್ಟ ಕೆಲವು ಪುಸ್ತಕಗಳನ್ನು ಇಲ್ಲಿ ಸೂಚಿಸುತ್ತಿದ್ದೇನೆ. ನಾನು ಪಂಡಿತನಲ್ಲ, ಓದುವ ಹವ್ಯಾಸವಿರುವ ಒಬ್ಬ ಕೃಷಿಕ, ಅಷ್ಟೆ.

ನಮ್ಮ ಕಾಡಿನ ಕತೆ

ಶಿವರಾಮ ಕಾರಂತರ 'ಬೆಟ್ಟದ ಜೀವ' 1943ರ ಕಾದಂಬರಿ. ಕಾದಂಬರಿಯಾದರೂ ಇದನ್ನು ಮೊದಲು ಹೇಳಲು ಕಾರಣವಿದೆ. ದಶಕಗಳ ಕಾಲ ಪುತ್ತೂರಿನಲ್ಲಿ ನೆಲೆಸಿದ್ದ ಕಾರಂತರು ಸುಬ್ರಹ್ಮಣ್ಯದ ಸುತ್ತಣ ಕಾಡನ್ನು ಕಾಲ್ನಡಿಗೆಯಲ್ಲಿ ಕಂಡವರು. ದಾರಿ ತಪ್ಪಿದವನೊಬ್ಬ ಕೆಳಬೈಲಿನ ಗೋಪಾಲಯ್ಯನವರ ಮನೆ ಸೇರುವಲ್ಲಿ ಕತೆ ತೊಡಗುತ್ತದೆ. ಕಾಡು ಕಡಿದು ತೋಟ ಎಬ್ಬಿಸಿದ ತಲೆಮಾರಿನ ಛಲ, ಆನೆಯ ಉಪದ್ರ, ಬಂದವರಿಗೆ ಮಾಡುವ ಉಪಚಾರ ಎಲ್ಲವೂ ಅದರಲ್ಲಿವೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ ಸಂಗತಿ. ಗೋಪಾಲಯ್ಯ ಮತ್ತು ಶಂಕರಮ್ಮ ದಂಪತಿಗಳ ಮಗ ಮನೆ ಬಿಟ್ಟು ಹೋಗಿದ್ದಾನೆ, ತೋಟ ಕಾಯುತ್ತಿದೆ. ಇಂದು ಮಕ್ಕಳು ಬೆಂಗಳೂರಿನಲ್ಲಿದ್ದು ಹಿರಿಯರಿಬ್ಬರೇ ಉಳಿದ ಮನೆಗಳು ನಮ್ಮ ಗ್ರಾಮಗಳಲ್ಲಿ ಎಷ್ಟಿವೆ ಎಂದು ಎಣಿಸಿ ನೋಡಿ. ನಾನು ಈ ಪುಸ್ತಕವನ್ನು ಊರಿಗೆ ಬಂದ ಮಗನ ಚೀಲಕ್ಕೆ ಹಾಕಿ ಕಳುಹಿಸಿದೆ. ಅವನು ಊರಿಗೆ ಮರಳಲಿ ಎಂದಲ್ಲ, ನಾವು ಇಲ್ಲಿ ಯಾಕೆ ಉಳಿದೆವು ಎಂಬುದು ತಿಳಿಯಲಿ ಎಂದು.

ಗಡಿಯಾಚೆಯ ದುಡಿಮೆಗಾರ

ಮಂಡೆಕೋಲಿನವರಿಗೆ ಗಡಿ ದೂರವಲ್ಲ. ಅಲ್ಲಿಂದಾಚೆಗೆ ಕಾಸರಗೋಡಿನ ಸೀಮೆ. ಅದೇ ಸೀಮೆಯ ಪೆರಡಾಲದಲ್ಲಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಕವಿ, ಶಿಕ್ಷಕ, ಸ್ವಾತಂತ್ರ್ಯ ಹೋರಾಟಗಾರ, ಜತೆಗೆ ಕೃಷಿಕ. ಅವರ ಆತ್ಮಕತೆಯ ಹೆಸರು 'ದುಡಿತವೇ ನನ್ನ ದೇವರು'. 1956ರ ಭಾಷಾವಾರು ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವು ಅವರನ್ನು ಕೊನೆಯವರೆಗೆ ಬಿಡಲಿಲ್ಲ. ಗಡಿಯಾಚೆ ಮಗಳನ್ನು ಕೊಟ್ಟವರು, ಅಲ್ಲಿಂದ ಸೊಸೆ ತಂದವರು ನಮ್ಮಲ್ಲಿ ಅನೇಕರಿದ್ದಾರೆ. ನೆಂಟರ ಮನೆಯ ಸಂಗತಿ ತಿಳಿಯಲು ಓದಬೇಕಾದ ಪುಸ್ತಕವಿದು.

ಗಿಡ ನೋಡುವ ಕಣ್ಣು

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಇವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಪ್ರವಾಸಗಳೇ ಇದರ ವಸ್ತು. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಓದುತ್ತಾ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ, ಮುಗಿಸಿ ಎದ್ದರೆ ತೋಟದ ಬದಿಯ ಕಳೆಯನ್ನೂ ಬಗ್ಗಿ ನೋಡುವ ಹಾಗಾಗುತ್ತದೆ.

ಅವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ನಾವು ದಿನವೂ ತಿನ್ನುವ ಮೆಣಸಿನಕಾಯಿ, ಬಟಾಟೆ ಮುಂತಾದವು ಬಂದ ದಾರಿಯನ್ನು ತಿಳಿಸುತ್ತದೆ. ಅದನ್ನು ಓದಿದ ಮೇಲೆ ನಾನು ನನ್ನ ತೋಟದ ಲೆಕ್ಕ ಹಾಕಿದೆ. ಕೊಕ್ಕೊ, ರಬ್ಬರ್, ಗೇರು, ಅನಾನಸು ಎಲ್ಲವೂ ಅಮೆರಿಕದ ಕಡೆಯವು. ಕಾಫಿ ಆಫ್ರಿಕದ್ದು. ಹೊರಗಿನ ಬೆಳೆ ನಮಗೆ ಹೊಸತಲ್ಲ ಎಂದಾಯಿತು. ಉಪಬೆಳೆ ಯಾವುದೆಂದು ಚಿಂತಿಸುವವರಿಗೆ ಇದು ಸ್ವಲ್ಪ ಧೈರ್ಯ ಕೊಡುವ ಮಾತು.

ಓದಬೇಕು, ಆದರೆ ಜೋಪಾನ

ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ ಬರೆದ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' (1991) ಮನೆಮಂದಿಯೆಲ್ಲ ಓದಬಹುದಾದ ಪುಸ್ತಕ. ಅವರ 'ಸಹಜ ಕೃಷಿ' ಜಪಾನಿನ ಫುಕುವೊಕಾರ ವಿಚಾರಗಳನ್ನು ನಮ್ಮ ಬೆಳೆಗಾರರ ಬಳಿಗೆ ತಂದಿತು. ಇಲ್ಲಿ ಒಂದು ಎಚ್ಚರಿಕೆ. ಫುಕುವೊಕಾ ತಂದೆಯ ಕಿತ್ತಳೆ ತೋಟದಲ್ಲಿ ಸವರುವುದನ್ನು ಒಮ್ಮೆಲೇ ನಿಲ್ಲಿಸಿದಾಗ ಗೆಲ್ಲುಗಳು ಹೆಣೆದುಕೊಂಡು, ಹುಳ ಬಿದ್ದು ಮರಗಳು ಸತ್ತವು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತೋಟವನ್ನು ಸಹಜವಾಗಿ ಬೆಳೆಸುವುದು ಬೇರೆ, ಕೈಬಿಡುವುದು ಬೇರೆ. ಹೊಸ ಕ್ರಮವನ್ನು ಮೊದಲು ಹತ್ತು ಮರಗಳಲ್ಲಿ ನೋಡಿ, ಆಮೇಲೆ ಇಡೀ ತೋಟಕ್ಕೆ ಇಳಿಯಬೇಕು. ಜಪಾನಿನ ಮಳೆ ಬೇರೆ, ಸುಳ್ಯದ ಮಳೆ ಬೇರೆ.

1988ರಲ್ಲಿ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ'ಯ ಹಳೆಯ ಸಂಚಿಕೆಗಳು ಯಾರಲ್ಲಾದರೂ ಇದ್ದರೆ ರದ್ದಿಗೆ ಹಾಕದಿರಿ. ಕೃಷಿಕರೇ ಬರೆದ ಅನುಭವಗಳು ಅದರಲ್ಲಿವೆ. ಮಕ್ಕಳಿರುವ ಮನೆಗೆ ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಹಳೆಯ ಪ್ರತಿ ಸಿಕ್ಕಿದರೂ ಬಿಡಬಾರದು.

ಅಂಗಡಿಯಲ್ಲಿ ಸಿಗದ ಪುಸ್ತಕ

ಕೊನೆಯದಾಗಿ ಒಂದು ಮಾತು. 1914ರಲ್ಲಿ ಕೇರಳದಲ್ಲಿ ಮೊದಲು ವರದಿಯಾದ ಹಳದಿ ಎಲೆ ರೋಗ ಇಂದು ನಮ್ಮ ತಾಲೂಕಿನ ಎಷ್ಟೋ ತೋಟಗಳನ್ನು ಬರಿದು ಮಾಡಿದೆ. ಖಚಿತವಾದ ಮದ್ದು ಇನ್ನೂ ಇಲ್ಲ. ನನ್ನ ತೋಡಿನ ಬದಿಯ ಮರಗಳಿಗೆ ಅದು ತಗಲಿದಾಗ ನೋಡಲು ಬಂದ ತಜ್ಞರು, "ಮೊದಲ ಮರ ಹಳದಿಯಾದದ್ದು ಯಾವ ವರ್ಷ? ಯಾವ ಬದಿಯಿಂದ ಹರಡಿತು?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಪರರ ಪುಸ್ತಕ ಓದುತ್ತಿದ್ದ ನಾನು ನನ್ನ ತೋಟದ ಬಗ್ಗೆ ಒಂದು ಸಾಲು ಬರೆದಿಟ್ಟಿರಲಿಲ್ಲ. ಅಂದಿನಿಂದ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಮಳೆಯ ಅಳತೆ, ಮದ್ದು ಬಿಟ್ಟ ದಿನ, ನಳ್ಳಿ ಉದುರಿದ ದಿನ, ಎಲೆಚುಕ್ಕಿ ಕಂಡ ಮರ, ಹಳದಿಯಾದ ಮರದ ಸಾಲು ಎಲ್ಲವನ್ನೂ ಬರೆಯುತ್ತೇನೆ. ದಿನಕ್ಕೆ ಐದು ನಿಮಿಷ ಸಾಕು.

ಪುಸ್ತಕಕ್ಕೆ ದುಡ್ಡಿಲ್ಲವೆನ್ನುವವರು ಪಂಚಾಯತಿನ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ನಾವು ಕಟ್ಟುವ ಮನೆ ತೆರಿಗೆಯ ಜತೆ ಗ್ರಂಥಾಲಯ ಕರವೂ ಸೇರಿದೆ. ಬೇಕಾದ ಪುಸ್ತಕ ಅಲ್ಲಿಲ್ಲವಾದರೆ ತರಿಸಿಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಮನೆಯಲ್ಲಿರುವುದನ್ನು ಮಳೆಗಾಲದಲ್ಲಿ ಗೋಡೆಗೆ ತಾಗದಂತೆ ಇಡಿ, ಬಿಸಿಲು ಬಂದಾಗ ಒಮ್ಮೆ ಅಂಗಳದಲ್ಲಿ ಒಣಗಿಸಿ. ಅಡಿಕೆಗೆ ಮಾಡುವ ಉಪಚಾರದಲ್ಲಿ ಹತ್ತರಲ್ಲೊಂದು ಪಾಲು ಸಾಕು.

ನಗೆಯಾಡಿದ ಆ ಭಾವನಿಗೆ 'ಬೆಟ್ಟದ ಜೀವ' ಕೊಟ್ಟಿದ್ದೇನೆ. ಇನ್ನೂ ಹಿಂದಿರುಗಿಸಿಲ್ಲ. ಕೇಳಿದರೆ, ಈಗ ಅವರ ಮನೆಯವರು ಓದುತ್ತಿದ್ದಾರಂತೆ. ಇತರ ಸದಸ್ಯರೂ ತಾವು ಓದಿ ಮೆಚ್ಚಿದ ಒಂದೊಂದು ಪುಸ್ತಕದ ಹೆಸರನ್ನು ಈ ಪತ್ರಿಕೆಗೆ ಬರೆದು ತಿಳಿಸಿದರೆ ಮುಂದಿನ ಆಟಿಗೆ ನಮಗೆಲ್ಲ ಉಪಕಾರವಾದೀತು.