ಕಿಟಕಿಯ ಪರದೆಗೆ ಹಗ್ಗ ಯಾಕೆ ಬೇಕು?

ವುಡ್‌ಬ್ರಿಡ್ಜ್ ಕಡೆ ಬಾಡಿಗೆಗೆ ಬೇಸ್‌ಮೆಂಟ್ ನೋಡೋಕೆ ಹೋದಾಗ ನಾವೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯಾ? ಹೈವೇ 7ರ ಬಸ್‌ಸ್ಟಾಪ್ ಎಷ್ಟು ದೂರ? ಅಲ್ಲಿಂದ ವಾನ್ ಮೆಟ್ರೊಪಾಲಿಟನ್ ಸೆಂಟರ್ ಸಬ್‌ವೇ ತಲುಪೋಕೆ ಎಷ್ಟು ಹೊತ್ತು? ದಿನಾ ಒಗ್ಗರಣೆ ಹಾಕಿದ್ರೆ ಮಾಲೀಕರು ಏನಾದ್ರೂ ಅಂತಾರಾ? ಕಿಟಕಿಗೆ ಎಂಥ ಪರದೆ ಇದೆ ಅಂತ ಮಾತ್ರ ಯಾರೂ ಕೇಳೋದಿಲ್ಲ. ಇದ್ದರೆ ಸಾಕು, ಬೆಳಕು ತಡೆದರೆ ಸಾಕು. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಸೂರ್ಯ ಮುಳುಗಲ್ಲವಲ್ಲ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಆ ಪರದೆಯ ಬಗ್ಗೆ, ಅದರಲ್ಲೂ ಅದರ ಪಕ್ಕದಲ್ಲಿ ನೇತಾಡುವ ಹಗ್ಗದ ಬಗ್ಗೆ. ನೋಡೋಕೆ ಸಣ್ಣ ವಿಷಯ. ಆದರೆ 1989ರಿಂದ 2018ರ ನವೆಂಬರ್‌ವರೆಗೆ ಕೆನಡಾದಲ್ಲಿ 39 ಮಕ್ಕಳು ಇಂಥ ಹಗ್ಗ ಕುತ್ತಿಗೆಗೆ ಸಿಕ್ಕಿ ಸತ್ತಿದ್ದಾರೆ. ಇದು ಇಲ್ಲಿನ ಆರೋಗ್ಯ ಇಲಾಖೆ ಹೆಲ್ತ್ ಕೆನಡಾ ಕೊಟ್ಟಿರುವ ಲೆಕ್ಕ. ಅಂದ್ರೆ ವರ್ಷಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಈ ಅವಧಿಯಲ್ಲಿ ಎಚ್ಚರಿಕೆಯ ಚೀಟಿಗಳು ಬಂದವು, ಜಾಗೃತಿಯ ಪ್ರಚಾರ ನಡೆಯಿತು, 2009ರಲ್ಲಿ ಒಂದು ನಿಯಮವೂ ಬಂತು. ಆದರೂ ಸಾವು ನಿಲ್ಲಲಿಲ್ಲ. ಎಂಜಿನಿಯರಿಂಗ್ ಓದಿದ ನಮಗೆ ಇದು ಯೋಚಿಸಬೇಕಾದ ಸಂಗತಿ ಅನ್ನಿಸಿತು. ಎಲ್ಲರಿಗೂ ಗೊತ್ತಿರುವ ಅಪಾಯ ಮೂವತ್ತು ವರ್ಷ ಯಾಕೆ ಹಾಗೇ ಉಳಿಯಿತು?

ಹಗ್ಗ ಅಲ್ಲಿ ಏನು ಮಾಡುತ್ತೆ?

ಊರಿನ ಬಾವಿಯ ರಾಟೆ ನೆನಪಿಸಿಕೊಳ್ಳಿ. ಹಗ್ಗದ ಒಂದು ತುದಿಯಲ್ಲಿ ಕೊಡ, ಇನ್ನೊಂದು ತುದಿ ನಮ್ಮ ಕೈಯಲ್ಲಿ. ಅಡ್ಡ ಪಟ್ಟಿಗಳಿರುವ ವೆನೀಷಿಯನ್ ಬ್ಲೈಂಡ್ ಕೂಡ ಅಷ್ಟೇ. ಕೆಳಗಿನ ದಪ್ಪ ಪಟ್ಟಿಗೆ ಕಟ್ಟಿದ ದಾರ ಎಲ್ಲ ಪಟ್ಟಿಗಳ ತೂತಿನೊಳಗಿಂದ ಮೇಲೆ ಹೋಗಿ, ಮೇಲಿನ ಪೆಟ್ಟಿಗೆಯಲ್ಲಿ ಸಣ್ಣ ರಾಟೆಯ ಮೇಲೆ ತಿರುಗಿ, ಪಕ್ಕದಲ್ಲಿ ಕೆಳಕ್ಕೆ ಇಳಿಯುತ್ತೆ. ಎಳೆದರೆ ಬ್ಲೈಂಡ್ ಮೇಲೆ. ಕೈ ಬಿಟ್ಟಾಗ ಜಾರದಂತೆ ಹಿಡಿದಿಡೋಕೆ ಅಲ್ಲೊಂದು ಪುಟ್ಟ ಬೀಗ. ಅದರೊಳಗಿನ ಗೀರುಗಳಿರುವ ಉರುಳೆ ದಾರವನ್ನು ಅದುಮಿ ಹಿಡಿಯುತ್ತೆ.

ಈ ವಿನ್ಯಾಸದಲ್ಲಿ ಒಂದು ಲೆಕ್ಕ ಅಡಗಿದೆ. ಬ್ಲೈಂಡ್ ಎಷ್ಟು ಮೇಲೆ ಹೋಗುತ್ತೋ ಅಷ್ಟು ಹಗ್ಗ ಹೊರಗೆ ಬರಲೇಬೇಕು. ಒಂದೂವರೆ ಮೀಟರ್ ಕಿಟಕಿಯ ಬ್ಲೈಂಡನ್ನು ಪೂರ್ತಿ ಎತ್ತಿದರೆ ಒಂದೂವರೆ ಮೀಟರ್ ಹಗ್ಗ ಹೆಚ್ಚಾಗಿ ಜೋಲಾಡುತ್ತೆ. ಅಂದ್ರೆ ಬೆಳಕು ಬೇಕಾದ ಹಗಲು ಹೊತ್ತಿನಲ್ಲಿ, ಮಗು ಎದ್ದು ಓಡಾಡುವ ಹೊತ್ತಿನಲ್ಲೇ, ಹಗ್ಗ ಅತಿ ಉದ್ದ.

ಬಟ್ಟೆ ಸುತ್ತಿಕೊಳ್ಳುವ ರೋಲರ್ ಬ್ಲೈಂಡಿನ ಕಥೆ ಬೇರೆ. ಅಲ್ಲಿ ಇರುವುದು ಮಣಿ ಸರ, ಕೊನೆಯಿಲ್ಲದ ಕುಣಿಕೆ. ಒಂದು ಕಡೆ ಎಳೆದರೆ ಇಳಿಯುತ್ತೆ, ಇನ್ನೊಂದು ಕಡೆ ಎಳೆದರೆ ಏರುತ್ತೆ. ಸರದ ಉದ್ದ ಬದಲಾಗೋದಿಲ್ಲ ನಿಜ, ಆದರೆ ಅದು ಹುಟ್ಟಿನಿಂದಲೇ ಉರುಳು. ನಾವು ಇರುವ ಬೇಸ್‌ಮೆಂಟಿನಲ್ಲಿ ಕಿಟಕಿ ಚಿಕ್ಕದು, ಸೂರಿಗೆ ತಾಗಿಕೊಂಡಿದೆ. ಕೆಳಗೆ ನಿಂತವರ ಕೈಗೆ ಎಟುಕಲಿ ಅಂತ ಸರ ಮಾತ್ರ ಮಾರುದ್ದ ಬಿಟ್ಟಿದ್ದಾರೆ. ಅಳೆದು ನೋಡಿದೆವು, ಸುತ್ತಳತೆ 140 ಸೆಂಟಿಮೀಟರ್. ಜಾಗ ಸಾಲದ ಕೋಣೆ, ಹಾಸಿಗೆ ಅದರ ಕೆಳಗೇ.

ಸಣ್ಣ ಮಗು ಹಾಸಿಗೆ ಮೇಲೆ ನಿಂತು ಆಟವಾಡ್ತಾ ಆ ಸರವನ್ನು ಹಾರ ಹಾಕಿಕೊಂಡ ಹಾಗೆ ಹಾಕಿಕೊಂಡರೆ ಸಾಕು. ಕಾಲು ಜಾರಿದರೆ ಅದರ ಭಾರ ಪೂರ್ತಿ ಕುತ್ತಿಗೆಯ ಮೇಲೆ. ಕುತ್ತಿಗೆ ಬಿಗಿದಾಗ ಕೂಗೋಕೆ ಆಗೋದಿಲ್ಲ. ಪಕ್ಕದ ಕೋಣೆಯಲ್ಲಿ ಹತ್ತು ಜನ ಇದ್ದರೂ ಗೊತ್ತಾಗದೆ ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದಿರುತ್ತೆ. “ನಾವು ನೋಡ್ಕೋತೀವಿ ಬಿಡಿ” ಅನ್ನೋ ಭರವಸೆ ಇಲ್ಲಿ ಕೆಲಸಕ್ಕೆ ಬರದಿರುವುದು ಇದೇ ಕಾರಣಕ್ಕೆ.

ತೇಪೆ ಹಾಕಿದ ಕಾಲ

ತಯಾರಕರು ಸುಮ್ಮನೆ ಕೂತಿರಲಿಲ್ಲ. ಮೊದಲಿಗೆ ಎಳೆಯುವ ದಾರಗಳ ತುದಿಯನ್ನು ಒಟ್ಟಿಗೆ ಗಂಟು ಹಾಕದೆ ಬಿಡಿಬಿಡಿಯಾಗಿ ಇಳಿಬಿಟ್ಟರು, ಕುಣಿಕೆ ಇಲ್ಲದಿದ್ದರೆ ಅಪಾಯ ಇಲ್ಲ ಅಂತ. ಆದರೆ ಉದ್ದನೆಯ ಎರಡು ದಾರ ಒಂದಕ್ಕೊಂದು ಸಿಕ್ಕಾಗಿ ತಾವೇ ಕುಣಿಕೆಯಾಗಬಲ್ಲವು, ಒಂದೇ ದಾರವೂ ಕುತ್ತಿಗೆಗೆ ಸುತ್ತಿಕೊಳ್ಳಬಲ್ಲದು. ಆಮೇಲೆ ಭಾರ ಬಿದ್ದರೆ ಕಳಚಿಕೊಳ್ಳುವ ಗುಂಡಿ ಬಂತು. ಅದು ಹಗ್ಗದ ತುದಿಯಲ್ಲಿ ಮಾತ್ರ ಕೆಲಸ ಮಾಡುತ್ತೆ, ಮಧ್ಯದಲ್ಲಿ ಸಿಕ್ಕುಬಿದ್ದರೆ ಏನೂ ಮಾಡಲಾರದು. ಮಣಿ ಸರವನ್ನು ಗೋಡೆಗೆ ಬಿಗಿಯಾಗಿ ಹಿಡಿದಿಡುವ ಕೊಕ್ಕೆಯೂ ಬಂತು. ಒಳ್ಳೆಯ ಉಪಾಯವೇ, ಆದರೆ ಅದನ್ನು ಡ್ರಿಲ್ ಹಿಡಿದು ಗೋಡೆಗೆ ಸ್ಕ್ರೂ ಹಾಕಿ ಕೂರಿಸಬೇಕು. ಬಾಡಿಗೆ ಮನೆಯ ಗೋಡೆಗೆ ತೂತು ಕೊರೆಯೋರು ಯಾರು? ಪ್ಲಾಸ್ಟಿಕ್ ಚೀಲದೊಳಗೆ ಆ ಕೊಕ್ಕೆ ಸರದ ತುದಿಯಲ್ಲೇ ನೇತಾಡ್ತಾ ಇರುತ್ತೆ.

ಈ ಮೂರು ತೇಪೆಗಳನ್ನೂ ಗಮನಿಸಿ. ಎಲ್ಲವೂ ಮನುಷ್ಯ ಸರಿಯಾಗಿ ನಡೆದುಕೊಂಡರೆ ಮಾತ್ರ ಕೆಲಸ ಮಾಡುತ್ತವೆ. ಸುರಕ್ಷತಾ ವಿನ್ಯಾಸದ ಪಾಠದಲ್ಲಿ ನಮಗೆ ಹೇಳಿಕೊಡುವ ಮೊದಲ ಕ್ರಮವೇ ಇದು: ಸಾಧ್ಯವಾದರೆ ಅಪಾಯವನ್ನೇ ತೆಗೆದುಹಾಕು, ಆಗದಿದ್ದರೆ ಅದಕ್ಕೆ ಅಡ್ಡಗೋಡೆ ಕಟ್ಟು, ಅದೂ ಆಗದಿದ್ದರೆ ಕೊನೆಗೆ ಎಚ್ಚರಿಕೆ ಬರೆ. ಬ್ಲೈಂಡಿನ ವಿಷಯದಲ್ಲಿ ಬಹಳ ಕಾಲ ಈ ಕ್ರಮ ತಲೆಕೆಳಗಾಗಿತ್ತು.

22 ಮತ್ತು 44

ಕೆನಡಾ 2019ರಲ್ಲಿ ಹೊಸ ನಿಯಮ ಪ್ರಕಟಿಸಿತು. 2022ರ ಮೇ ತಿಂಗಳಿಂದ ಈಚೆಗೆ ಇಲ್ಲಿ ಮಾರುವ ಎಲ್ಲ ಬ್ಲೈಂಡುಗಳೂ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿರಲಿ, ಅಳತೆ ಕೊಟ್ಟು ಮಾಡಿಸುವುದಿರಲಿ, ಅದಕ್ಕೆ ಒಳಪಟ್ಟಿವೆ. ಅದರ ತಿರುಳು ಎರಡು ಸಂಖ್ಯೆಗಳಲ್ಲಿದೆ. ಕೈಗೆ ಸಿಗುವ ಹಗ್ಗಕ್ಕೆ ಬಿಡಿ ತುದಿ ಇದ್ದರೆ ಅದರ ಉದ್ದ 22 ಸೆಂಟಿಮೀಟರ್ ಮೀರಬಾರದು. ಕುಣಿಕೆ ಆಗುವಂತಿದ್ದರೆ ಅದರ ಸುತ್ತಳತೆ 44 ಸೆಂಟಿಮೀಟರ್ ಮೀರಬಾರದು. ಅಳೆಯುವಾಗ 35 ನ್ಯೂಟನ್ ಬಲದವರೆಗೆ ಎಳೆದು ನೋಡಬೇಕು, ಅಂದ್ರೆ ಸುಮಾರು ಮೂರೂವರೆ ಕಿಲೋ ತೂಕ ನೇತುಹಾಕಿದಷ್ಟು.

ಈ ಅಳತೆಗಳು ಎಷ್ಟು ಚಿಕ್ಕವು ಅಂತ ಒಮ್ಮೆ ಯೋಚಿಸಿ. ಒಂದು ವರ್ಷದ ಮಗುವಿನ ತಲೆಯ ಸುತ್ತಳತೆ ಸರಾಸರಿ 45-46 ಸೆಂಟಿಮೀಟರ್. 44ರ ಕುಣಿಕೆ ಆ ತಲೆ ದಾಟಿ ಕುತ್ತಿಗೆಗೆ ಇಳಿಯೋದು ಕಷ್ಟ. 22ರ ತುಂಡು ದಾರ ಕುತ್ತಿಗೆ ಸುತ್ತಿ ಬಿಗಿದುಕೊಳ್ಳೋಕೆ ಸಾಲೋದಿಲ್ಲ. ನಮ್ಮ ಕಿಟಕಿಯ 140 ಇದರ ಮೂರು ಪಟ್ಟಿಗೂ ಹೆಚ್ಚು.

ಎಳೆದು ಅಳೆಯಬೇಕು ಅನ್ನೋ ಮಾತಿಗೂ ಕಾರಣವಿದೆ. ಹೊರಗೆ ಎಳೆಯುವ ಹಗ್ಗವೇ ಇಲ್ಲದ ಬ್ಲೈಂಡಿನಲ್ಲೂ ಪಟ್ಟಿಗಳ ನಡುವಿನ ಒಳದಾರ ಇರುತ್ತೆ. ಮಗು ಬೆರಳು ಹಾಕಿ ಎಳೆದರೆ ಅದು ಹೊರಗೆ ಬಂದು ಕುಣಿಕೆಯಾಗಬಹುದು. ಸುಮ್ಮನೆ ಕಣ್ಣಿಗೆ ಕಾಣುವುದನ್ನು ಅಳೆದರೆ ಇದು ತಪ್ಪಿಹೋಗುತ್ತೆ.

ಇನ್ನೊಂದು ಒಳ್ಳೆಯ ಗುಣ, ಈ ನಿಯಮ ಫಲಿತಾಂಶವನ್ನು ಹೇಳುತ್ತೆ, ದಾರಿಯನ್ನಲ್ಲ. ಸ್ಪ್ರಿಂಗ್ ಹಾಕು, ಮೋಟರ್ ಹಾಕು ಅಂತ ಎಲ್ಲೂ ಹೇಳೋದಿಲ್ಲ. ಉಳಿದದ್ದು ವಿನ್ಯಾಸಕಾರರ ತಲೆನೋವು. ಆ ತಲೆನೋವು ಸ್ವಾರಸ್ಯಕರವಾಗಿದೆ, ನೋಡಿ.

ಹಗ್ಗ ತೆಗೆದರೆ ಎತ್ತುವುದು ಹೇಗೆ?

ರೋಲರ್ ಬ್ಲೈಂಡಿಗೆ ಉತ್ತರ ಹಳೆಯದು. ಅಮೆರಿಕದ ಸ್ಟೀವರ್ಟ್ ಹಾರ್ಟ್‌ಶಾರ್ನ್ ಎಂಬಾತ ಸ್ಪ್ರಿಂಗ್ ಇರುವ ರೋಲರಿಗೆ 1864ರಲ್ಲೇ ಪೇಟೆಂಟ್ ಪಡೆದಿದ್ದ. ಬಟ್ಟೆಯನ್ನು ಕೆಳಗೆ ಎಳೆದಂತೆ ಕೊಳವೆಯೊಳಗಿನ ಸ್ಪ್ರಿಂಗ್ ಬಿಗಿಯಾಗುತ್ತೆ. ಕೆಳಗೆ ಇಳಿದಷ್ಟೂ ನೇತಾಡುವ ಬಟ್ಟೆಯ ಭಾರ ಹೆಚ್ಚು, ಸ್ಪ್ರಿಂಗಿನ ಬಲವೂ ಹೆಚ್ಚು. ಎರಡೂ ಒಂದೇ ದಿಕ್ಕಿನಲ್ಲಿ ಏರುವುದರಿಂದ ಜೋಡಿ ಚೆನ್ನಾಗಿ ಹೊಂದುತ್ತೆ.

ವೆನೀಷಿಯನ್ ಬ್ಲೈಂಡಿನಲ್ಲಿ ಇದು ಉಲ್ಟಾ. ಪೂರ್ತಿ ಇಳಿಬಿಟ್ಟಾಗ ಪ್ರತಿ ಪಟ್ಟಿಯೂ ಏಣಿಯಂಥ ದಾರದ ಮೇಲೆ ಕೂತಿರುತ್ತೆ, ಎತ್ತುವ ದಾರದ ಮೇಲೆ ಕೆಳಗಿನ ದಪ್ಪ ಪಟ್ಟಿಯ ಭಾರ ಮಾತ್ರ. ಮೇಲೆತ್ತಿದಂತೆ ಒಂದೊಂದೇ ಪಟ್ಟಿ ಅದರ ಮೇಲೆ ಪೇರಿಕೊಂಡು ಭಾರ ಹೆಚ್ಚುತ್ತಾ ಹೋಗುತ್ತೆ. ಆದರೆ ಸಾಮಾನ್ಯ ಸ್ಪ್ರಿಂಗಿಗೆ ಹೆಚ್ಚು ಬಲ ಇರುವುದು ಬ್ಲೈಂಡ್ ಕೆಳಗಿದ್ದಾಗ, ಕಡಿಮೆ ಬಲ ಮೇಲಿದ್ದಾಗ. ಬೇಕಾದಾಗ ಕೈಕೊಡುವ ಗೆಳೆಯನ ಹಾಗೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಕೆಳಪಟ್ಟಿ 4 ನ್ಯೂಟನ್, ಉಳಿದ ಪಟ್ಟಿಗಳೆಲ್ಲ ಸೇರಿ 16 ಅಂದುಕೊಳ್ಳಿ. ಕೆಳಗಿದ್ದಾಗ ಭಾರ 4, ಮೇಲಿದ್ದಾಗ 20. ಎಲ್ಲ ಎತ್ತರದಲ್ಲೂ ಒಂದೇ ಬಲ ಕೊಡುವ 12 ನ್ಯೂಟನ್ ಸ್ಪ್ರಿಂಗ್ ಹಾಕಿದರೆ ಕೆಳಗೆ 8 ನ್ಯೂಟನ್ ಹೆಚ್ಚಾಯಿತು, ಮೇಲೆ 8 ಕಡಿಮೆಯಾಯಿತು. ಕೈ ಬಿಟ್ಟಾಗ ಬ್ಲೈಂಡ್ ತಾನಾಗಿ ಏರದೆ, ಇಳಿಯದೆ ನಿಲ್ಲಬೇಕಾದರೆ ಯಂತ್ರದೊಳಗೆ ಕನಿಷ್ಠ 8 ನ್ಯೂಟನ್ ಘರ್ಷಣೆ ಇರಬೇಕು. ಆದರೆ ಅದೇ ಘರ್ಷಣೆ ನಮ್ಮ ಕೈಗೂ ಅಡ್ಡ ಬರುತ್ತೆ. ಕೊನೆಯಲ್ಲಿ ಮೇಲೆತ್ತೋಕೆ ಕೊರತೆಯ 8 ಮತ್ತು ಘರ್ಷಣೆಯ 8 ಸೇರಿ 16 ನ್ಯೂಟನ್ ಬಲ ಹಾಕಬೇಕು. ಅಗಲ ಎರಡರಷ್ಟಾದರೆ ಎಲ್ಲ ಸಂಖ್ಯೆಯೂ ಎರಡರಷ್ಟು. ಘರ್ಷಣೆ ಕಡಿಮೆಯಾದರೆ ಬ್ಲೈಂಡ್ ನಿಲ್ಲಲ್ಲ, ಹೆಚ್ಚಾದರೆ ಅಜ್ಜಿಗೆ ಎತ್ತೋಕಾಗಲ್ಲ. ಅದಕ್ಕೇ ಏರಿದಂತೆ ಹೆಚ್ಚು ಬಲ ಕೊಡುವಂತೆ ಮೊದಲೇ ಬಗ್ಗಿಸಿಟ್ಟ ಉಕ್ಕಿನ ಪಟ್ಟಿಯ ಸ್ಪ್ರಿಂಗುಗಳನ್ನು ಬಳಸುತ್ತಾರೆ. ಹಗ್ಗವಿಲ್ಲದ ಬ್ಲೈಂಡಿನ ಬೆಲೆ ಸ್ವಲ್ಪ ಹೆಚ್ಚಿರುವುದು ಇಂಥ ಒಳಕೆಲಸಕ್ಕೆ.

ಎತ್ತರದ ಕಿಟಕಿಗೆ, ಅಥವಾ ಗಾಲಿಕುರ್ಚಿಯಲ್ಲಿ ಇರುವವರಿಗೆ, ಬ್ಲೈಂಡಿನ ತಳ ಕೈಗೆ ಎಟುಕಲ್ಲ. ಅಂಥ ಕಡೆ ಗಟ್ಟಿ ಕೋಲು ಬರುತ್ತೆ. ಕೋಲು ಬಗ್ಗೋದಿಲ್ಲ, ಹಾಗಾಗಿ ಕುಣಿಕೆ ಆಗೋದಿಲ್ಲ. ಮಣಿ ಸರವನ್ನೇ ಗಟ್ಟಿ ಕೊಳವೆಯೊಳಗೆ ಮುಚ್ಚಿಡುವ ವಿನ್ಯಾಸವೂ ಇದೆ. ಮೋಟರ್ ಹಾಕಿದರೆ ಹಗ್ಗದ ಮಾತೇ ಇಲ್ಲ, ಆದರೆ ಕೆಲವು ರಿಮೋಟಿನಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತೆ. ಮಗು ಅದನ್ನು ನುಂಗಿದರೆ ಅದೂ ಜೀವಕ್ಕೆ ಅಪಾಯ. ಮುಚ್ಚಳಕ್ಕೆ ಸ್ಕ್ರೂ ಇರುವ ರಿಮೋಟನ್ನೇ ಆರಿಸಬೇಕು. ಒಂದು ಅಪಾಯ ತೆಗೆಯುವಾಗ ಇನ್ನೊಂದನ್ನು ಮನೆಗೆ ತರಬಾರದಲ್ಲ.

ನಮಗೇನು ಸಂಬಂಧ?

ನಮ್ಮಲ್ಲಿ ಹೆಚ್ಚಿನವರಿಗೆ ಮಕ್ಕಳಿಲ್ಲ, ನಿಜ. ಆದರೆ ನಮ್ಮ ಕೋಣೆಗೆ ಮಕ್ಕಳು ಬರುತ್ತಾರೆ. ಯುಗಾದಿಗೆ, ರಾಜ್ಯೋತ್ಸವದ ತಾಲೀಮಿಗೆ, ಬ್ರಾಂಪ್ಟನ್ನಿನಿಂದಲೋ ಮಿಸ್ಸಿಸಾಗಾದಿಂದಲೋ ಸೀನಿಯರುಗಳು ಕುಟುಂಬ ಸಮೇತ ಬರುತ್ತಾರೆ. ದೊಡ್ಡವರು ಮೇಲೆ ಚಿತ್ರಾನ್ನ ಕಲಸುತ್ತಿರುವಾಗ ನಿದ್ದೆ ಬಂದ ಮಗುವನ್ನು ಮಲಗಿಸುವುದು ನಮ್ಮ ಹಾಸಿಗೆಯ ಮೇಲೇ. ಹೊಸ ನಿಯಮ ಅಂಗಡಿಯಲ್ಲಿ ಮಾರುವ ಸರಕಿಗೆ ಅನ್ವಯಿಸುತ್ತೆ, ಗೋಡೆಯ ಮೇಲೆ ಈಗಾಗಲೇ ಇರುವ ಹಳೆಯ ಬ್ಲೈಂಡನ್ನು ಯಾರೂ ಬಂದು ಬಿಚ್ಚಿಕೊಂಡು ಹೋಗಲ್ಲ.

ಹಾಗಾಗಿ ಕೆಲವು ಕೆಲಸ ನಮ್ಮ ಪಾಲಿಗಿದೆ.

ಮೊದಲು ಅಳೆಯಿರಿ. ಬಿಡಿ ಹಗ್ಗ 22, ಕುಣಿಕೆ 44. ಮೀರಿದ್ದರೆ ಫೋಟೊ ತೆಗೆದು ಮನೆ ಮಾಲೀಕರಿಗೆ ಕಳಿಸಿ, ಬದಲಾಯಿಸಿಕೊಡಿ ಅಂತ ಮರ್ಯಾದೆಯಿಂದ ಕೇಳಿ. ಮಾಲೀಕರ ಮನೆಯಲ್ಲೂ ಮೊಮ್ಮಕ್ಕಳು ಇರಬಹುದು, ಕಾರಣ ಹೇಳಿದರೆ ಅರ್ಥವಾಗುವ ವಿಷಯ ಇದು. ಒಪ್ಪದಿದ್ದರೆ ಸಣ್ಣ ಕಿಟಕಿಗೆ ಹಗ್ಗವಿಲ್ಲದ್ದನ್ನು ನಾಲ್ಕು ಜನ ಸೇರಿ ಕೊಳ್ಳಬಹುದು. ಹಳೆಯದನ್ನು ಎತ್ತಿಟ್ಟು ಮನೆ ಬಿಡುವಾಗ ಮತ್ತೆ ಹಾಕಿಕೊಟ್ಟರಾಯಿತು.

ಬದಲಾಗುವವರೆಗೆ ಹಾಸಿಗೆ, ಕುರ್ಚಿ, ಸೂಟ್‌ಕೇಸ್, ಮಗು ಹತ್ತಬಹುದಾದ ಏನೇ ಇರಲಿ, ಕಿಟಕಿಯಿಂದ ದೂರ ಸರಿಸಿ. ಹಗ್ಗವನ್ನು ಎತ್ತರದಲ್ಲಿ ಸುತ್ತಿ ಕಟ್ಟಿ. ಇದು ತಾತ್ಕಾಲಿಕ ಅಷ್ಟೇ. ಬ್ಲೈಂಡ್ ಎತ್ತಿ ಇಳಿಸುವಾಗ ಬಿಚ್ಚಿದ ಗಂಟನ್ನು ಪ್ರತಿ ಸಲ ಮತ್ತೆ ಕಟ್ಟುವವರು ಯಾರೂ ಇಲ್ಲ.

ಇನ್ನೊಂದು ಮಾತು ನಮ್ಮ ಪದ್ಧತಿಯ ಬಗ್ಗೆ. ಓದು ಮುಗಿಸಿ ಹೋಗುವಾಗ ಕುಕ್ಕರು, ಮೇಜು, ಪರದೆ ಎಲ್ಲ ಜೂನಿಯರುಗಳಿಗೆ ದಾಟಿಸಿ ಹೋಗ್ತೀವಿ. ಕೆನಡಾದ ಗ್ರಾಹಕ ವಸ್ತು ಸುರಕ್ಷತಾ ಕಾಯ್ದೆಯಲ್ಲಿ ‘ಮಾರಾಟ’ ಅಂದ್ರೆ ಹಣ ಪಡೆಯದೆ ಹಂಚುವುದೂ ಸೇರುತ್ತೆ, ಹಳೆಯ ವಸ್ತುವಿಗೂ ಅದು ಅನ್ವಯ. ಉದ್ದ ಹಗ್ಗದ ಬ್ಲೈಂಡನ್ನು ಪುಕ್ಕಟೆ ಕೊಡುವುದಕ್ಕಿಂತ ಕಸಕ್ಕೆ ಹಾಕುವುದು ಮೇಲು.

ಕೊನೆಯದಾಗಿ ಊರಿಗೊಂದು ಫೋನ್. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಣಿ ಸರದ ರೋಲರ್ ಬ್ಲೈಂಡ್ ಈಗ ಮಾಮೂಲು. ಅಕ್ಕನ ಮನೆಯಲ್ಲೋ ಅಣ್ಣನ ಮನೆಯಲ್ಲೋ ತೆವಳುವ ಮಗು ಇದ್ದರೆ ಈ ವಾರದ ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾವನ್ನು ಒಮ್ಮೆ ಕಿಟಕಿಯ ಕಡೆ ತಿರುಗಿಸೋಕೆ ಹೇಳಿ. ಸರ ನೇತಾಡ್ತಾ ಇದ್ದರೆ ಗೋಡೆಗೆ ಸ್ಕ್ರೂ ಹಾಕಿ ಬಿಗಿಸೋಕೆ ಅವತ್ತೇ ಯಾರನ್ನಾದರೂ ಕರೆಸಲಿ. ಮುಂದಿನ ಬ್ಲೈಂಡ್ ಕೊಳ್ಳುವಾಗ ಹಗ್ಗ ಇಲ್ಲದ್ದೇ ಕೊಡಿ ಅಂತ ಅಂಗಡಿಯಲ್ಲಿ ಕೇಳಲಿ.