ವೆಬ್‌ಸೈಟ್ ಮಾಡಿಸಿದ್ದಾಯಿತು, ನೋಡುವವರು ಬರಬೇಕಲ್ಲ?

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚಿನ ಪಟ್ಟಿ ಓದುತ್ತಿದ್ದಾಗ ‘ವೆಬ್‌ಸೈಟ್ ಬಾಬ್ತು’ ಎಂಬ ಸಾಲು ಬಂದೊಡನೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ಸೆಕ್ರೆಟರಿಗಳೇ, ಇದರಿಂದ ಸಂಘಕ್ಕೆ ಒಂದು ಮೂಟೆ ಕಾಫಿಯಾದರೂ ಹೆಚ್ಚಿಗೆ ಮಾರಾಟವಾಗಿದೆಯೋ, ಹೇಗೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅಂದು ಊಟದ ಹೊತ್ತು ಮೀರಿದ್ದರಿಂದ ನಾನು ಎರಡು ಮಾತಿನಲ್ಲಿ ತೇಲಿಸಿಬಿಟ್ಟೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ. ಮನೆಯಲ್ಲೇ ಕಾಫಿ ಹುರಿದು ಪುಡಿ ಮಾರುವ, ಹೋಂಸ್ಟೇ ನಡೆಸುವ ನಮ್ಮ ಕೆಲವು ಸದಸ್ಯರು ಸ್ವಂತ ವೆಬ್‌ಸೈಟ್ ಮಾಡಿಸುವ ಯೋಚನೆಯಲ್ಲಿದ್ದಾರೆ. ಅವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ. 2019ರಲ್ಲಿ ಪರಿಚಯದ ಹುಡುಗನೊಬ್ಬ ಕಡಿಮೆ ದುಡ್ಡಿಗೆ ಸಂಘದ ವೆಬ್‌ಸೈಟ್ ಮಾಡಿಕೊಟ್ಟ. ಅದರ ಹೆಸರು, ಅಂದರೆ ಡೊಮೈನ್, ನೋಂದಣಿಯಾದದ್ದು ಅವನ ಹೆಸರಿನಲ್ಲಿ, ಅವನ ಈಮೇಲ್‌ಗೆ, ಅವನ ಮೊಬೈಲಿಗೆ. ನಾವು ಯಾರೂ ಅದನ್ನು ಕೇಳಲೂ ಇಲ್ಲ. ಹುಡುಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು, ನಂಬರು ಬದಲಾಯಿತು. 2022ರ ಮಳೆಗಾಲದಲ್ಲಿ ನವೀಕರಣದ ನೆನಪೋಲೆಗಳೆಲ್ಲ ಅವನು ತೆರೆದು ನೋಡದ ಹಳೆಯ ಈಮೇಲ್‌ಗೆ ಹೋಗಿ ಬಿದ್ದವು. ನಮಗೆ ವಿಷಯ ತಿಳಿದದ್ದು ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿದಾಗ: “ನಿಮ್ಮ ಕಾಫಿಪುಡಿ ಪೊಟ್ಟಣದ ಮೇಲಿರುವ ವಿಳಾಸ ಒತ್ತಿದರೆ ಇಸ್ಪೀಟಾಟದ ಜಾಹೀರಾತು ಬರುತ್ತಿದೆಯಲ್ಲ ಸಾರ್, ಏನಿದು?” ಅಷ್ಟರಲ್ಲಿ ಹೆಸರು ಬೇರೆಯವರ ಪಾಲಾಗಿತ್ತು. ಹೊಸ ಹೆಸರು ತೆಗೆದುಕೊಂಡು, ಅಚ್ಚಾಗಿ ಬಂದಿದ್ದ ಪೊಟ್ಟಣಗಳ ಮೇಲೆಲ್ಲ ಸ್ಟಿಕ್ಕರ್ ಅಂಟಿಸಲು ಆಫೀಸಿನವರು ಮೂರು ದಿನ ಕೂತರು. ನಾನೂ ಕೂತೆ.

ಆದ್ದರಿಂದ ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ವೆಬ್‌ಸೈಟಿನ ಹೆಸರು ನಮಗೆ ಕ್ರಯಕ್ಕೆ ಸಿಗುವುದಿಲ್ಲ, ಗೇಣಿಗೆ ಮಾತ್ರ ಸಿಗುತ್ತದೆ. ಒಂದು ವರ್ಷಕ್ಕೂ ಪಡೆಯಬಹುದು, ಒಟ್ಟಿಗೆ ಹೆಚ್ಚೆಂದರೆ 10 ವರ್ಷಕ್ಕೂ ಕಟ್ಟಬಹುದು. ಅವಧಿ ಮುಗಿದ ದಿನವೇ ಹೆಸರು ಕೈತಪ್ಪುವುದಿಲ್ಲ. ಡಾಟ್ ಕಾಮ್ ಹೆಸರುಗಳಿಗೆ ನೋಂದಣಿ ಮಾಡಿಕೊಟ್ಟ ಕಂಪನಿ 45 ದಿನಗಳವರೆಗೆ ಅವಕಾಶ ಕೊಡಬಹುದು. ಆಮೇಲೆ 30 ದಿನ ದೊಡ್ಡ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದಾದ ಮೇಲೆ 5 ದಿನ ಏನೂ ಮಾಡುವಂತಿಲ್ಲ, ಆರನೆಯ ದಿನ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹೀಗೆ ಬಿಟ್ಟುಹೋಗುವ ಹೆಸರುಗಳಿಗಾಗಿಯೇ ಕಾದು ಕೂತಿರುವವರಿದ್ದಾರೆ, ಏಕೆಂದರೆ ಹಳೆಯ ಹೆಸರಿಗೆ ನೋಡುವವರು ತಾನಾಗಿ ಬರುತ್ತಿರುತ್ತಾರೆ.

ಈಗ ನಮ್ಮ ಆಡಳಿತ ಮಂಡಳಿ ಠರಾವು ಮಾಡಿ ಹೆಸರನ್ನು ಸಂಘದ ಹೆಸರಿನಲ್ಲೇ ನೋಂದಾಯಿಸಿದೆ. ಈಮೇಲ್ ಸಂಘದ್ದು, ಓಟಿಪಿ ಬರುವ ಸಿಮ್ ಸಂಘದ್ದು. ನವೀಕರಣದ ತಾರೀಖನ್ನು ಲಾರಿಯ ಇನ್ಶೂರೆನ್ಸ್, ಎಫ್.ಸಿ. ಬರೆದಿಡುವ ಪುಸ್ತಕದಲ್ಲೇ ಬರೆದಿದ್ದೇವೆ. ಪಾಸ್‌ವರ್ಡುಗಳ ಲಕೋಟೆ ತಿಜೋರಿಯಲ್ಲಿದೆ. ಸೈಟಿನ ಪೂರ್ತಿ ಪ್ರತಿಯನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ತೆಗೆದಿಡುತ್ತೇವೆ. ನೀವು ಮಗನಿಂದಲೋ ಅಳಿಯನಿಂದಲೋ ಮಾಡಿಸಿದರೂ ಹೆಸರು ಮಾತ್ರ ನಿಮ್ಮದೇ ಇರಲಿ. ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡದೆ ತೋಟ ಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ?

‘ವಾಟ್ಸಾಪ್ ಗುಂಪು, ಫೇಸ್‌ಬುಕ್ ಇರುವಾಗ ಇದೆಲ್ಲ ಯಾಕೆ’ ಎನ್ನುವವರಿದ್ದಾರೆ. ಅವು ಇರಲಿ, ನಾವೂ ಬಳಸುತ್ತೇವೆ. ಆದರೆ ಅಲ್ಲಿ ನಾವು ಬೇರೆಯವರ ಜಗಲಿಯ ಮೇಲೆ ಅಂಗಡಿ ಇಟ್ಟವರು. ಒಂದು ಕಾಲಕ್ಕೆ ನಮ್ಮ ಮಕ್ಕಳೆಲ್ಲ ಇದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಸಣ್ಣ ವ್ಯಾಪಾರಿಗಳಿಗೆ ಗೂಗಲ್ ಪುಕ್ಕಟೆ ಕೊಟ್ಟಿದ್ದ ವೆಬ್‌ಸೈಟುಗಳು 2024ರ ಮಾರ್ಚಿನಲ್ಲಿ ನಿಂತುಹೋದವು. ಅದನ್ನೇ ನಂಬಿಕೊಂಡು ಬೋರ್ಡಿನ ಮೇಲೆ ವಿಳಾಸ ಬರೆಸಿದ್ದವರು ಬೋರ್ಡು ಅಳಿಸಬೇಕಾಯಿತು.

ಇನ್ನು ನೋಡುವವರು ಬರುವ ವಿಚಾರ. ಇದಕ್ಕೆ ನಮ್ಮ ಕಾಫಿಗೆ ಸಂಬಂಧಪಟ್ಟ ಒಂದು ನಿಜ ಸಂಗತಿಯಿದೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಟ್ರೋಜನ್ ರೂಮ್ ಎಂಬ ಕೋಣೆಯ ಹತ್ತಿರ ಒಂದು ಕಾಫಿ ಯಂತ್ರವಿತ್ತು. ಬೇರೆ ಮಹಡಿಯವರು ಮೆಟ್ಟಿಲಿಳಿದು ಬಂದರೆ ಎಷ್ಟೋ ಸಲ ಜಗ್ಗು ಖಾಲಿ. ಬೇಸತ್ತ ಸಂಶೋಧಕರು 1991ರಲ್ಲಿ ಜಗ್ಗಿನ ಎದುರು ಒಂದು ಕ್ಯಾಮರಾ ನಿಲ್ಲಿಸಿ, ಕೂತಲ್ಲೇ ಕಂಪ್ಯೂಟರಿನಲ್ಲಿ ಕಾಫಿ ಇದೆಯೋ ಇಲ್ಲವೋ ನೋಡುವ ಹಾಗೆ ಮಾಡಿಕೊಂಡರು. 1993ರಲ್ಲಿ ಆ ಚಿತ್ರವನ್ನು ಇಂಟರ್‌ನೆಟ್ಟಿಗೂ ಹಾಕಿದರು. ಕಪ್ಪು-ಬಿಳುಪಿನ ಪುಟ್ಟ, ಮಸುಕು ಚಿತ್ರ. 2001ರಲ್ಲಿ ಅದನ್ನು ನಿಲ್ಲಿಸುವವರೆಗೆ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಆ ಜಗ್ಗನ್ನು ನೋಡಿದರು. ಇಂಥ ಕ್ಯಾಮರಾಗಳಲ್ಲಿ ಪ್ರಪಂಚಕ್ಕೇ ಅದು ಮೊದಲನೆಯದು ಎನ್ನುತ್ತಾರೆ.

ಅಲ್ಲಿ ಅಲಂಕಾರ ಏನೂ ಇರಲಿಲ್ಲ. ಈ ಹೊತ್ತಿಗೆ ಏನಿದೆ ಎಂಬ ಸುದ್ದಿ ಮಾತ್ರ ಸರಿಯಾಗಿತ್ತು. ನಮ್ಮ ಮೊದಲ ವೆಬ್‌ಸೈಟಿನಲ್ಲಿ ಸರಿಯಾಗಿ ಇದರ ತಿರುಗುಮುರುಗು. ತೆರೆದೊಡನೆ ಸ್ವಾಗತದ ಚಲಿಸುವ ಅಕ್ಷರ, ಅಧ್ಯಕ್ಷರ ಫೋಟೋ, ನನ್ನ ಫೋಟೋ, ಸಂಘದ ಧ್ಯೇಯೋದ್ದೇಶಗಳು. ಅಡಿಕೆ ದರದ ಪುಟದಲ್ಲಿ ಎಂಟು ತಿಂಗಳ ಹಿಂದಿನ ದರ! ಒಮ್ಮೆ ಬಂದವರು ಇನ್ನೊಮ್ಮೆ ಯಾಕೆ ಬಂದಾರು?

ಈಗ ಮೊದಲ ಪುಟದಲ್ಲೇ ರಾಶಿ, ಬೆಟ್ಟೆ, ಗೊರಬಲು, ಸರಕು ನಾಲ್ಕಕ್ಕೂ ಸಂಘದ ಆ ದಿನದ ದರ, ಪಕ್ಕದಲ್ಲಿ ತಾರೀಖು. ರಾಜ್ಯದ ಮಾರುಕಟ್ಟೆಗಳ ದರ ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಸಿಗುತ್ತದೆ, ಅದನ್ನು ನಾವು ಮತ್ತೆ ಬರೆಯುವುದಿಲ್ಲ. ವ್ಯಾಪಾರವಿಲ್ಲದ ದಿನ ‘ಇಂದು ವ್ಯಾಪಾರವಿಲ್ಲ’ ಎಂದು ಬರೆಯುತ್ತೇವೆ, ಅದೂ ಸುದ್ದಿಯೇ. ಪುಡಿಯ ಪುಟದಲ್ಲಿ ಯಾವ ದಿನ ಹುರಿದದ್ದು, ಎಷ್ಟು ಉಳಿದಿದೆ ಎಂದಿರುತ್ತದೆ. ಬೇಸಿಗೆಯಲ್ಲಿ ಹೂಮಳೆ ಬಿದ್ದ ದಿನವೇ ‘ನಿನ್ನೆ ರಾತ್ರಿ ಇಷ್ಟು ಸೆಂಟು ಮಳೆಯಾಯಿತು, ಎಂಟು ಹತ್ತು ದಿನಕ್ಕೆ ತೋಟ ಹೂವಾಗುತ್ತದೆ’ ಎಂದು ಹಾಕುತ್ತೇವೆ. ನಮಗೆ ಅದು ಹೊಸತಲ್ಲ. ಆದರೆ ಪೇಟೆಯವರಿಗೆ ಕಾಫಿ ಹೂವು ಮೂರು ನಾಲ್ಕು ದಿನದ ನೋಟವೆಂಬುದೇ ಗೊತ್ತಿರುವುದಿಲ್ಲ. ಹೋಂಸ್ಟೇ ಇರುವ ಸದಸ್ಯರಿಗೆ ಈ ಒಂದು ಸಾಲಿನಿಂದ ಬಂದ ಫೋನುಗಳು ಅವರ ಹಳೆಯ ಜಾಹೀರಾತಿಗೆ ಬಂದಿರಲಿಲ್ಲವಂತೆ. ವಾರಕ್ಕೆ ಅರ್ಧ ಗಂಟೆಯಾದರೂ ಕೊಡಲು ಆಗದವರು ದರದ ಪುಟ, ಸುದ್ದಿಯ ಪುಟ ಇಡಲೇಬೇಡಿ. ಹಳೆಯ ತಾರೀಖು ಕಂಡರೆ ‘ಇವರು ಅಂಗಡಿ ಮುಚ್ಚಿದ್ದಾರೆ’ ಎಂದೇ ಜನ ತಿಳಿಯುತ್ತಾರೆ.

ಮುಂದಿನದು ಪದಗಳ ವಿಚಾರ, ಇದರಲ್ಲಿ ನಾನು ಬಹಳ ಕಲಿತೆ. ಗಿರಾಕಿ ಯಾವ ಪದ ಹಾಕಿ ಹುಡುಕುತ್ತಾನೋ ಆ ಪದ ನಮ್ಮ ಪುಟದಲ್ಲಿ ಇರಬೇಕು. 2014ರ ನವೆಂಬರ್ 1ರಿಂದ ನಮ್ಮ ಜಿಲ್ಲೆ ಇಂಗ್ಲಿಷಿನಲ್ಲೂ ಚಿಕ್ಕಮಗಳೂರು ಆಯಿತು. ಆದರೂ ಹೊರಗಿನವರು ಈಗಲೂ ಚಿಕ್‌ಮಗ್‌ಳೂರ್ ಎಂಬ ಹಳೆಯ ಸ್ಪೆಲ್ಲಿಂಗಿನಲ್ಲೇ ಹುಡುಕುತ್ತಾರೆ. ಎರಡೂ ಇರಲಿ. ನಮ್ಮ ಅಡಿಕೆಯನ್ನು ಒಬ್ಬರು ಅರೆಕಾ ನಟ್ ಎಂದರೆ ಉತ್ತರದವರು ಸುಪಾರಿ ಎನ್ನುತ್ತಾರೆ, ಹೊರದೇಶದವರು ಬೀಟಲ್ ನಟ್ ಎಂದು ವೀಳ್ಯದೆಲೆಯ ಹೆಸರನ್ನೇ ಅಡಿಕೆಗೆ ಅಂಟಿಸಿದ್ದಾರೆ. ವಾಕ್ಯದೊಳಗೆ ಸಹಜವಾಗಿ ಎಲ್ಲವೂ ಬರಲಿ. ಹಾಗೆಂದು ಅದೇ ಪದವನ್ನು ನೂರು ಸಲ ತುರುಕುವುದು, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಅಡಗಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಗೊತ್ತಾದರೆ ಸೈಟನ್ನೇ ಹಿಂದಕ್ಕೆ ತಳ್ಳುತ್ತಾರೆ. ಜನ ಯಾವ ಪದದಿಂದ ನಮ್ಮಲ್ಲಿಗೆ ಬಂದರು ಎಂಬುದನ್ನು ಸರ್ಚ್ ಕನ್ಸೋಲ್ ಎಂಬ ಗೂಗಲ್ಲಿನ ಪುಕ್ಕಟೆ ಸೌಲಭ್ಯ ತೋರಿಸುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರದಲ್ಲೇ ಬರೆಯಬೇಕು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪಾದದ್ದು ಆ ಫಾಂಟು ಇಲ್ಲದ ಫೋನಿನಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ನಮ್ಮ ಹತ್ತು ವರ್ಷದ ಸುತ್ತೋಲೆಗಳು ಹೀಗೆಯೇ ಇದ್ದವು. ಗುಮಾಸ್ತೆಯವರು ಒಂದೊಂದಾಗಿ ಪರಿವರ್ತಿಸಿದರು. ನೋಟೀಸಿನ ಫೋಟೋ ತೆಗೆದು ಹಾಕುವುದೂ ಸುಲಭದ ದಾರಿಯಂತೆ ಕಂಡರೂ ಹುಡುಕಾಟಕ್ಕೆ ಒದಗುವುದು ಕಷ್ಟ.

ಫೋಟೋ ವಿಚಾರದಲ್ಲಿ ನಮ್ಮೂರಿನ ನೆಟ್‌ವರ್ಕ್ ನೆನಪಿಡಿ. ಅಡಿಕೆ ಅಂಗಳದ ಮೂಲೆಯಲ್ಲಿ ನಿಂತರೆ ಮಾತ್ರ ಒಂದು ಕಡ್ಡಿ ಸಿಗ್ನಲ್ ಬರುವ ಮನೆಯಲ್ಲಿ ನಿಮ್ಮ ಪುಟ ತೆರೆದುಕೊಳ್ಳುತ್ತದೆಯೋ ಎಂದು ಪರೀಕ್ಷಿಸಿ. ಕ್ಯಾಮರಾದ ದೊಡ್ಡ ಚಿತ್ರವನ್ನು ಚಿಕ್ಕದು ಮಾಡಿಯೇ ಹಾಕಬೇಕು. ಈಗ ಗೂಗಲ್ ಸೈಟನ್ನು ಅಳೆಯುವುದೂ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂಬುದರ ಮೇಲೆಯೇ. ಬೇರೆ ದೇಶದ ತೋಟದ ಅಂದದ ಚಿತ್ರ ತಂದು ಹಾಕಬೇಡಿ. ನಮ್ಮ ಕಾಫಿ ಕಣ, ನಮ್ಮ ಪಲ್ಪರ್, ನಮ್ಮ ಹೆಣ್ಣಾಳುಗಳ ಕೈ ಇವೇ ಸಾಕು, ಆದರೆ ಮುಖ ಬರುವುದಾದರೆ ಅವರನ್ನು ಕೇಳಿ. ವಿಳಾಸದ ಮುಂದೆ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತಿದ್ದರೆ ಸರ್ಟಿಫಿಕೇಟ್ ಹಾಕಿಸಿಲ್ಲವೆಂದು ಅರ್ಥ. ಅದು ಪುಕ್ಕಟೆಯಾಗಿಯೂ ಸಿಗುತ್ತದೆ, ಅದಕ್ಕೆ ಬೇರೆ ಹಣ ಕೇಳಿದರೆ ಯಾಕೆಂದು ಕೇಳಿ.

ಪ್ರಚಾರಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಪೊಟ್ಟಣ, ಬಿಲ್ಲು, ಲೆಟರ್‌ಹೆಡ್, ಲಾರಿಯ ಹಿಂಬದಿ ಎಲ್ಲ ಕಡೆ ವಿಳಾಸ ಇರಲಿ. ಕ್ಯೂಆರ್ ಚಿತ್ರ ಅಚ್ಚು ಹಾಕಿಸುವಾಗ ಅದು ನೇರವಾಗಿ ನಿಮ್ಮ ವಿಳಾಸಕ್ಕೇ ಹೋಗುವಂತಿರಲಿ. ಮಧ್ಯೆ ಇನ್ನೊಬ್ಬರ ಸೈಟಿನ ಮೂಲಕ ಹೋಗುವ ಕ್ಯೂಆರ್ ಅವರು ಬಾಗಿಲು ಹಾಕಿದ ದಿನ ಸತ್ತಂತೆ. ಗೂಗಲ್ ನಕಾಶೆಯಲ್ಲಿ ಆಫೀಸಿನ ಜಾಗ, ವೇಳೆ, ಫೋನು ನಮೂದಿಸುವುದು ಪುಕ್ಕಟೆ. ಸಂತೃಪ್ತ ಗಿರಾಕಿಯನ್ನು ಅಲ್ಲಿ ನಾಲ್ಕು ಮಾತು ಬರೆಯಿರೆಂದು ಕೇಳಲು ಸಂಕೋಚ ಬೇಡ, ಆದರೆ ನೆಂಟರಿಂದ ಬರೆಸಬೇಡಿ. ಸದಸ್ಯರ ಹೋಂಸ್ಟೇ ಸೈಟುಗಳಿಂದ ಸಂಘದ ಸೈಟಿಗೆ, ಸಂಘದಿಂದ ಅವರಿಗೆ ಕೊಂಡಿ ಕೊಟ್ಟುಕೊಂಡಿದ್ದೇವೆ. ಸಂಬಂಧವಿರುವವರು ಕೊಟ್ಟ ಕೊಂಡಿಗೆ ಬೆಲೆ, ದುಡ್ಡಿಗೆ ಕೊಂಡದ್ದಕ್ಕಲ್ಲ. ‘ಗೂಗಲ್‌ನಲ್ಲಿ ನಿಮ್ಮನ್ನು ಮೊದಲನೆಯ ಸ್ಥಾನಕ್ಕೆ ತರುತ್ತೇವೆ, ಗ್ಯಾರಂಟಿ’ ಎಂದು ಬರುವ ಪತ್ರಗಳನ್ನು ಕಸಕ್ಕೆ ಹಾಕಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳುತ್ತದೆ.

ಬರೆಯುವ ಮಾತಿನ ಮೇಲೂ ನಿಗಾ ಬೇಕು. 2018ರಿಂದ ಆನ್‌ಲೈನಿನಲ್ಲಿ ಮಾರುವ ಪೊಟ್ಟಣದ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ ಮುಂತಾದವನ್ನು ಪುಟದಲ್ಲೂ ತೋರಿಸಬೇಕೆಂಬ ನಿಯಮವಿದೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಇರಲಿ. ಚಿಕೋರಿ ಬೆರೆಸಿದ್ದರೆ ಶೇಕಡಾ ಎಷ್ಟೆಂದು ಹೇಳಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಆದರೆ ಜಿಲ್ಲೆಯಲ್ಲಿ ತೋಟವಿದೆ ಎಂಬ ಮಾತ್ರಕ್ಕೆ ಆ ಮುದ್ರೆ ಹಾಕಿಕೊಳ್ಳುವಂತಿಲ್ಲ, ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಅಡಿಕೆಯ ಔಷಧೀಯ ಗುಣ ಎಂಬ ಪುಟ ಹಾಕಿರೆಂದು ಕೆಲವರು ಒತ್ತಾಯಿಸಿದರು. ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವಾಗ ಅಂಥ ಮಾತು ನಮ್ಮ ಬಾಯಿಂದ ಬರುವುದು ಸರಿಯಲ್ಲವೆಂದು ನಾನು ಒಪ್ಪಲಿಲ್ಲ. ಇದರಲ್ಲಿ ಭಿನ್ನಾಭಿಪ್ರಾಯವಿದ್ದವರು ಪತ್ರ ಬರೆಯಬಹುದು.

ವಿಳಾಸ ನಾಲ್ಕು ಜನಕ್ಕೆ ತಿಳಿದ ಮೇಲೆ ಮೋಸಗಾರರಿಗೂ ತಿಳಿಯುತ್ತದೆ. ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು ದೊಡ್ಡ ಆರ್ಡರು ಕೊಟ್ಟು, ‘ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವವರಿದ್ದಾರೆ. ಹಣ ಪಡೆಯಲು ಪಿನ್ ಹಾಕಬೇಕಿಲ್ಲ. ಸಿಕ್ಕಿಬಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ಮಹಾಸಭೆಯ ಪ್ರಶ್ನೆ. ನಮ್ಮ ಹಿಂದಿನವರಿಗೆ ಗಿರಾಕಿಯ ಮುಖ ನೋಡುವ ಪ್ರಮೇಯವೇ ಇರಲಿಲ್ಲ. 1942ರ ಕಾಯ್ದೆಯಂತೆ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಮುಕ್ತ ಮಾರಾಟದ ಹಕ್ಕು ಬಂದ ಮೇಲೂ ನಮ್ಮಲ್ಲಿ ಬಹುಮಂದಿ ಅಂಗಳಕ್ಕೆ ಬಂದ ವ್ಯಾಪಾರಿಗೇ ಚೆರ್ರಿ, ಪಾರ್ಚ್‌ಮೆಂಟ್ ಅಳೆದುಕೊಟ್ಟೆವು. ವೆಬ್‌ಸೈಟಿನಿಂದ ಆ ಮೂಟೆ ವ್ಯಾಪಾರ ಹೆಚ್ಚಿಲ್ಲ. ಅಡಿಕೆ ವ್ಯಾಪಾರವಂತೂ ಕಣ್ಣಲ್ಲಿ ಕಂಡು, ಕೈಯಲ್ಲಿ ಮುಟ್ಟಿಯೇ ನಡೆಯುವುದು. ಹೆಚ್ಚಿರುವುದು ಪಾರ್ಸೆಲಿನಲ್ಲಿ ಹೋಗುವ ಪುಡಿ. ಅದು ಕಿಲೋ ಲೆಕ್ಕದ್ದು, ಆದರೆ ಮತ್ತೆ ಮತ್ತೆ ತರಿಸುವ ಮನೆಗಳು. ರಿಜಿಸ್ಟರು ಆಫೀಸಿನಲ್ಲಿದೆ, ಯಾವ ಸದಸ್ಯರೂ ನೋಡಬಹುದು. 2022ರಲ್ಲಿ ಹೆಸರು ಕಳೆದುಕೊಂಡ ತಿಂಗಳುಗಳ ಪುಟಗಳನ್ನೂ ನೋಡಿ. ಅಲ್ಲಿ ಖಾಲಿ ಬಿದ್ದಿರುವ ಸಾಲುಗಳು ನನಗೆ ಇಂದಿಗೂ ಚುಚ್ಚುತ್ತವೆ.

ಸ್ವಂತ ವೆಬ್‌ಸೈಟ್ ಮಾಡಿಸಬೇಕೆಂದಿರುವ ಸದಸ್ಯರು ಯಾವುದಾದರೂ ಗುರುವಾರ ಮಧ್ಯಾಹ್ನ ಆಫೀಸಿಗೆ ಬಂದರೆ ಹೆಸರು ನೋಂದಾಯಿಸುವ ಕ್ರಮವನ್ನು ಎದುರಿಗೇ ತೋರಿಸಿಕೊಡುತ್ತೇವೆ. ಫೋನನ್ನು ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ಗುರುವಾರ ನಮ್ಮಲ್ಲಿ ಕರೆಂಟು ಇರುತ್ತದೆಂದು ಹೇಳಲಾಗದು.